ನೂಕುವ ಗಾಳಿ

"ಇದು ಹೀರೂದಿಲ್ರಿ ಸಾಹುಕಾರ್ರ, ನೂಕತೈತಿ," ಎಂದು ಹುಬ್ಬಳ್ಳಿಯ ಏಜೆಂಟ ಹಿಡಿಕೆ ತಿರುವಿದ. ಗೋಣಿತಟ್ಟಿನ ಮೇಲಿದ್ದ ಕಬ್ಬಿಣದ ಯಂತ್ರ ಊಳಿಟ್ಟಿತು. ಅಂಗಳದ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ಅನ್ನಮ್ಮ ಆ ಮಾತಿಗೆ ಕಿವಿಗೊಟ್ಟಳು.

ಅವಳ ಗಂಡ ಅಂದಪ್ಪನ ಮೋಟರು ಯಲಬುರ್ಗಾದಿಂದ ಕೊಪ್ಪಳಕ್ಕೆ ಜನರನ್ನು ಒಯ್ಯುತ್ತಿತ್ತು. ಒಂದು ಕಾಲಕ್ಕೆ ಅದನ್ನು ಹಿಂದೆ ಹಾಕುವ ಗಾಡಿ ಆ ಸೀಮೆಯಲ್ಲೇ ಇರಲಿಲ್ಲ. ಎರಡನೇ ಮಹಾಯುದ್ಧ ಬಂದು ಪೆಟ್ರೋಲು ಸಿಗದಾದಾಗ ಎಲ್ಲರಂತೆ ಅವನೂ ಮೋಟರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಸಿ, ಅದರ ಗ್ಯಾಸಿನಿಂದಲೇ ಎಂಜಿನ್ನು ನಡೆಸತೊಡಗಿದ. ಅಂದಿನಿಂದ ಮೋಟರಿಗೆ ಮುಪ್ಪು ಬಂತು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. "ಅಂದಪ್ಪನ ಮೋಟರ ನಮ್ಮನ್ನ ಎಲ್ಲಿ ಒಯ್ಯತೈತೋ ಮಾರಾಯಾ, ನಾವ ಅದನ್ನ ಕೊಪ್ಪಳಕ್ಕ ಮುಟ್ಟಿಸಿ ಬರ್ತೀವಿ," ಎಂದು ಸಂತೆಯಲ್ಲಿ ನಗುತ್ತಿದ್ದರು. ಆ ನಗು ಅಂದಪ್ಪನಿಗೆ ಅನ್ನ ಸೇರದ ಹಾಗೆ ಮಾಡಿತ್ತು.

ಏಜೆಂಟ ತಂದ ಸಾಮಾನು ಎರಡು ನಮೂನೆಯದು. ಒಂದರಲ್ಲಿ ದಪ್ಪ ಕೊಳವೆ, ಹೊಸ ಜಾಲರಿ. ಎಂಜಿನ್ನು ತನಗೆ ಬೇಕಾದ ಗ್ಯಾಸನ್ನು ತಾನೇ ಎಳೆದುಕೊಳ್ಳಬೇಕು. ಏರಿನಲ್ಲಿ ಆಗಲೂ ತಿಣುಕುವುದೇ. ಇನ್ನೊಂದು ಈ ಸೂಪರ್‌ಚಾರ್ಜರ್. ಒಲೆಯ ಪಕ್ಕ ಕೂತು ಗ್ಯಾಸನ್ನು ಬಲವಂತವಾಗಿ ಎಂಜಿನ್ನಿಗೆ ತುಂಬುವಂಥದು. ಹೋದ ವಾರ ಪರೀಕ್ಷೆಗೆಂದು ಅದನ್ನು ಕಟ್ಟಿ ಓಡಿಸಿ ಬಿಚ್ಚಿಟ್ಟಿದ್ದರು. ಮೋಟರು ಹರೆಯದ ಹೋರಿಯಂತೆ ಏರಿತ್ತು.

ಆ ದಿನ ಅನ್ನಮ್ಮನೂ ಅದರಲ್ಲಿದ್ದಳು. ಹೆಂಗಸರ ಜಾಗ ತೀರ ಹಿಂದೆ. ಸುತ್ತ ದಪ್ಪ ಪರದೆ, ಕಾಲ ಕೆಳಗೇ ಗ್ಯಾಸಿನ ಕೊಳವೆ. ಯಜಮಾನನ ಹೆಂಡತಿಯೇ ಸಡಿಲ ಬಿಟ್ಟಳೆಂದು ಯಾರೂ ಆಡಬಾರದೆಂದು ಪರದೆಯ ಲಾಡಿಗಳನ್ನು ಅವಳೇ ಬಿಗಿದಿದ್ದಳು. ಸ್ವಲ್ಪ ದೂರ ಹೋಗುವುದರೊಳಗೆ ತಲೆ ಕಲ್ಲಾಯಿತು, ಕಾಲು ತನ್ನವಲ್ಲವೆನಿಸಿತು. ಪಕ್ಕದಲ್ಲಿದ್ದ ಕೂಲಿಯ ಹುಲಿಗವ್ವ ಮಾತಿನ ಮಧ್ಯದಲ್ಲೇ ಇವಳ ಹೆಗಲಿಗೆ ತಲೆಯಿಟ್ಟಳು. ಹೊಗೆಯಿಲ್ಲ, ವಾಸನೆಯಿಲ್ಲ. ಇದ್ದಿಲು ಸುರಿಯಲು ಮೋಟರು ನಿಂತು ಪರದೆ ಎತ್ತಿದಾಗ ಇಬ್ಬರೂ ವಾಂತಿ ಮಾಡಿಕೊಂಡರು. ಹೆಂಗಸರಿಗೆ ಮೋಟರು ಒಗ್ಗುವುದಿಲ್ಲ ಎಂದು ಗಂಡಸರು ತೀರ್ಮಾನಿಸಿದರು. ದೃಷ್ಟಿ ತಾಗಿತೆಂದಳು ಹುಲಿಗವ್ವ. ಅನ್ನಮ್ಮ ಕಾಲ ಕೆಳಗಿನ ಕೊಳವೆಯನ್ನು ನೋಡಿದಳು.

ಈಗ 'ನೂಕತೈತಿ' ಎಂದ ಮಾತು ಕೇಳಿ ಅವಳ ಕಣ್ಣು ಅಡುಗೆಯ ಒಲೆಯ ಕಡೆ ಹೋಯಿತು. ಊದುಗೊಳವೆಯಿಂದ ಊದಿದರೆ ಬೂದಿ ಒಲೆಯ ಬಿರುಕು ಬಿರುಕಿನಿಂದಲೂ ಹೊರಗೆ ಹಾರುತ್ತದೆ. ನಾಳೆ ಅದೇ ಪರದೆಯೊಳಗೆ ನಾದಿನಿ ಕಳಕಮ್ಮ ಹಸುಗೂಸನ್ನು ಕಟ್ಟಿಕೊಂಡು ಕೊಪ್ಪಳದ ಗಂಡನ ಮನೆಗೆ ಹೊರಟಿದ್ದಾಳೆ.

ಸೆರಗು ಎಳೆದುಕೊಂಡು ಅವಳು ಅಂಗಳಕ್ಕೆ ಇಳಿದಳು.

"ಏನ್ರಿ... ಅದು ಬ್ಯಾಡ್ರಿ."

ಅಂದಪ್ಪ ತಿರುಗಿ ನೋಡಿದ. "ಯಾವುದ?"

"ನೂಕೂದು. ಗ್ಯಾಸ ಕೊಳವಿ ಸಂದ್ಯಾಗಿಂದ ಹೊರಗ ಬರತೈತಿ. ಪರದೇದಾಗ ಕುಂತಾಗ ಜೀವ ಹೋದಂಗಾತು."

ಏಜೆಂಟ ನಕ್ಕ. "ಅಕ್ಕಾರ, ಬೋಲ್ಟ ಸಡ್ಲ ಇದ್ವು. ಬಿಗೀ ಮಾಡಿ ಕೊಡ್ತೀನಿ, ಇರುವಿ ಸೈತ ಹಾಯೂದಿಲ್ಲ."

"ಕೇಳಿದೆಲ್ಲ?" ಎಂದ ಅಂದಪ್ಪ. ಅವನ ದನಿ ಗಡುಸಾಗಿರಲಿಲ್ಲ, ಅದೇ ಅವಳ ಬಾಯಿ ಕಟ್ಟಿತು. "ನೀ ಹೋಗಿ ಚಾ ಇಡು ಹೋಗು. ನಾಳೆ ನನ್ನ ತಂಗಿ ಏರಿನ್ಯಾಗ ಜನಾ ನೂಕೂ ಮೋಟರಿನ್ಯಾಗ ಹೋಗಬೇಕೇನ?"

ಮರುದಿನ ಮುಂಜಾನೆ ಅತ್ತೆ ಮುದುಕಮ್ಮ ಮಗಳು ಕೂರುವ ಜಾಗದ ಸುತ್ತ ತಿರುಗಿ ತಿರುಗಿ ನೋಡಿದಳು. ಬಾಣಂತಿಗೆ ಗಾಳಿ ಸೋಕಬಾರದು. ಪರದೆಯ ಸಂದುಗಳಿಗೆಲ್ಲ ಹಳೆಯ ಸೀರೆಯ ಚೂರು ತುರುಕಿ, ಲಾಡಿಗಳನ್ನು ಹೊರಗಿನಿಂದ ಗಂಟು ಹಾಕತೊಡಗಿದಳು. ಕೊನೆಯ ಗಂಟಿಗೆ ಮೊದಲು ಅನ್ನಮ್ಮ ಒಳಗೆ ನುಗ್ಗಿದಳು.

"ನೀ ಎಲ್ಲಿಗೆವಾ?"

"ಕೂಸಿನ ಕೂಡ ಇರ್ತೀನ್ರಿ ಅತ್ತಿ."

"ಮನಿ ಕೆಲಸ ಯಾರ ಮಾಡ್ಬೇಕ?" ಎಂದು ಗೊಣಗುತ್ತಲೇ ಮುದುಕಮ್ಮ ಗಂಟು ಬಿಗಿದಳು.

ಹೊಸ ಯಂತ್ರ ಕಟ್ಟಿಸಿಕೊಂಡ ಮೋಟರು ಹೊರಟಿತು. ಒಳಗೆ ಕತ್ತಲು. ಮುಂದಿನ ಸೀಟಿನಲ್ಲಿ ಡ್ರೈವರ್ ನಜೀರಸಾಬನೊಂದಿಗೆ ಅಂದಪ್ಪ ಜೋರಾಗಿ ಮಾತಾಡುವುದು ಕೇಳುತ್ತಿತ್ತು. ಅನ್ನಮ್ಮ ತನ್ನ ತಲೆಯೊಳಗಿನ ಭಾರಕ್ಕಾಗಿ ಕಾಯುತ್ತ ಕೂತಳು. ಏನೂ ಇಲ್ಲ. ಏಜೆಂಟ ಹೇಳಿದ್ದೇ ಖರೆಯೇನೋ. ಆಮೇಲೆ ಏರು ಬಂತು, ಯಂತ್ರ ಊಳಿಟ್ಟಿತು.

"ಹೊಡಿ ನಜೀರಾ! ನೋಡಲೇ ಹೆಂಗ ಏರತೈತಿ!"

ಅಳುತ್ತಿದ್ದ ಕೂಸು ಸುಮ್ಮನಾಯಿತು.

"ಮಕ್ಕೊಂತು ನೋಡ್ರಿ ವೈನಿ," ಎಂದಳು ಕಳಕಮ್ಮ. ಅವಳ ನಾಲಿಗೆ ತೊದಲುತ್ತಿತ್ತು. "ನನಗೂ ನಿದ್ದಿ..."

"ಮಕ್ಕೋಬ್ಯಾಡ! ಕಳಕಾ!"

ಅನ್ನಮ್ಮ ಕೂಗಿದಳು. ಯಂತ್ರದ ಸದ್ದಿನಲ್ಲಿ ಅದು ತನಗೇ ಕೇಳಿಸಲಿಲ್ಲ. ಗಂಟುಗಳು ಹೊರಗಿದ್ದವು. ಪರದೆಗೆ ಗುದ್ದಿದಳು, ಜಗ್ಗಿದಳು; ಕೈಯಲ್ಲಿ ಕಸುವಿರಲಿಲ್ಲ. ಬಟ್ಟೆಯ ಅಂಚಿಗೆ ಹಲ್ಲು ಹಾಕಿ, ಇಡೀ ಮೈಭಾರ ಬಿಟ್ಟು ಎಳೆದಳು. ಹಳೆಯ ಹೊಲಿಗೆಯೊಂದು ಸರ್ರನೆ ಬಿಟ್ಟುಕೊಟ್ಟಿತು. ಬೆಳಕಿನ ಜೊತೆ ಅವಳ ತಲೆ, ಬಿಚ್ಚಿದ ಕೂದಲು, ಕೂಸನ್ನು ಹಿಡಿದ ಕೈ ಹೊರಗೆ ಬಂದವು. ಸೆರಗು ಎಲ್ಲಿತ್ತೋ. ಸೀಟುಗಳಲ್ಲಿದ್ದ ಗಂಡಸರು ಹೋ ಎಂದು ಎದ್ದು ನಿಂತರು.

ನಜೀರಸಾಬ ಬ್ರೇಕು ತುಳಿದ. "ಯಾ ಅಲ್ಲಾ," ಎನ್ನುತ್ತ ಓಡಿಬಂದು ಗಂಟುಗಳನ್ನು ಕೊಯ್ದ. ಅಂದಪ್ಪ ತಂಗಿಯನ್ನು ಎತ್ತಿ ಜಾಲಿಗಿಡದ ನೆರಳಿಗೆ ತಂದ. ಅವಳ ಕತ್ತು ಅವನ ತೋಳ ಮೇಲೆ ಅತ್ತಿತ್ತ ಹೊರಳಿತು. ಕೆನ್ನೆ ತಟ್ಟಿ, ನೀರು ಚಿಮುಕಿಸಿ, ಹೆಸರು ಕೂಗಿದ. ಬಹಳ ಹೊತ್ತಿನ ಮೇಲೆ ಅವಳು ನರಳಿದಳು. ಅವನು ಹೆಂಡತಿಯ ಕಡೆ ತಿರುಗಿದ.

ಅನ್ನಮ್ಮ ಅವನನ್ನು ನೋಡಲಿಲ್ಲ. ರಸ್ತೆಯ ಮೇಲೇ ಕುಸಿದು ಕೂತು, ಕೂಸಿಗೆ ಸುತ್ತಿದ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಬಿಸಾಡಿ, ಅದರ ಮುಖವನ್ನು ಬಯಲಿಗೆ ಹಿಡಿದಳು. ಎರೆಹೊಲದ ಮೇಲಿಂದ ಗಾಳಿ ಬೀಸಿತು. ಸಣ್ಣ ಧೂಳು ಹಾರಿ ಕೂಸಿನ ರೆಪ್ಪೆಗೆ, ತುಟಿಗೆ ಅಂಟಿತು. ಅವಳು ಒರೆಸದೆ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಗಾಳಿ ನಿಂತಿತು; ತುಟಿಯ ಮೇಲಿನ ಧೂಳು ಉಸಿರಿಗೆ ಅಲುಗಿತು.