ಹುಬ್ಬಿನ ತನಕ ಬಂದ ಫೋಟೋ

“ಫೋಟೋ ಮೊದಲ, ಮಣ್ಣ ಆಮ್ಯಾಲ!” ಎನ್ನುತ್ತ ಅಣ್ಣಾರಾಯ ರಟ್ಟೆ ಹಿಡಿದು ಎಳೆದ ರಭಸಕ್ಕೆ ಕಲ್ಲಣ್ಣನ ಅಂಗಿಯ ಗುಂಡಿ ಕಿತ್ತು ಹಾರಿತು. ಮಂದ್ರೂಪದ ಅಣ್ಣಾರಾಯನ ಕೈಯೆಂದರೆ ಸಾಮಾನ್ಯವೇ? ಕಬ್ಬಿನ ಗಳವನ್ನು ಮುಷ್ಟಿಯಲ್ಲೇ ಹಿಂಡಿ ರಸ ತೆಗೆಯುವ ಕೈ. ಅದನ್ನು ಕಂಡರೆ ಗಾಣಕ್ಕೂ ನಾಚಿಕೆ.

ಪಡಸಾಲೆಯಲ್ಲಿ ಆತನ ಅಕ್ಕ ಸುಗಲಾಬಾಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ, ಪಕ್ಕದಲ್ಲಿ ಗರಗರ ತಿರುಗುವ ಫ್ಯಾನು. ಆ ಗಾಳಿಗೆ ತಲೆಯ ಮೇಲಿನ ಸೆರಗಿನ ಅಂಚು ಪಟಪಟ ಹಾರುತ್ತಿತ್ತು. ಅಕ್ಕಲಕೋಟೆಯ ಆ ಮನೆಯಲ್ಲಿ ಆಕೆ ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಏಣಿಯಿಲ್ಲದೆ ಚಂದ್ರನ ಮೇಲೆ ಇಳಿಯಬಹುದಿತ್ತು. ಗಂಡ ಬೇಗ ಹೋದ, ಮಕ್ಕಳಿಲ್ಲ. ಮೈದುನ ಕಲ್ಲಣ್ಣನಿಗೆ ಉಣಿಸುತ್ತ, ಆಮೇಲೆ ಅವನ ಹೆಂಡತಿ ದ್ರೌಪದಿಗೂ ಉಣಿಸುತ್ತ ಆಯುಷ್ಯ ಮುಗಿಸಿದಳು.

“ಟ್ರ್ಯಾಕ್ಟರ್ ಮುಂದ ಅಕ್ಕನ ಫೋಟೋ ಕಟ್ಟಬೇಕು,” ಅಣ್ಣಾರಾಯ ಗುಡುಗಿದ. “ಮದಿವಿ ಫೋಟೋ. ಅಕ್ಕ, ಭಾವ ಜೋಡಿಲೆ ಕುಂತದ್ದು. ನಮ್ಮ ಮನ್ಯಾಗಿಂದೂ ನೀವ ಒಯ್ದೀರಲ್ರಿ ಬೀಗರ?”

“ಒಯ್ದೀನ್ರಿ. ಎಲ್ಲಾ ಸೇಫ್ ಐತಿ.”

“ಹಂಗಾರ ತಗೀರಿ. ಫೋಟೋದಾಗ ಆಕಿ ಮಾರಿ ನೋಡಲಾರದ ನಾ ಹೆಗಲ ಕೊಡಾಂವಲ್ಲ.”

ಸೇಫ್ ಏನೂ ಇರಲಿಲ್ಲ. ಮನೆಯಲ್ಲಿ ಅದು ಗೊತ್ತಿರುವುದು ತನಗೊಬ್ಬನಿಗೇ ಎಂದು ಕಲ್ಲಣ್ಣ ತಿಳಿದಿದ್ದ.

*

ಹಿಂದಿನ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಕಲ್ಲಣ್ಣ ತಾನು ಕಾರಕೂನನಾಗಿದ್ದ ಸೊಲ್ಲಾಪುರದಾಚೆಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿನಿಂದ ಹಳೆಯ ಕಂಪ್ಯೂಟರ್ ಒಂದನ್ನು ಮನೆಗೆ ತಂದ. ಅದನ್ನು ನೋಡಲು ಅಕ್ಕಲಕೋಟೆಯ ಅರ್ಧ ಊರು ಬಂತು. ಉಳಿದರ್ಧ ಜಾಗ ಸಾಲದೆ ವಾಪಸು ಹೋಯಿತು. ಜೊತೆಗೆ ಸ್ಕ್ಯಾನರ್ ಒಂದನ್ನು ಕೈಗಡ ತಂದು ಸಾರಿಯೇಬಿಟ್ಟ: “ಎಲ್ಲಾರ ಮನಿ ಫೋಟೋನೂ ತರ್ರಿ! ಇದರಾಗ ಹಾಕಿದ್ರ ಗೆದ್ದಲ ಹತ್ತಂಗಿಲ್ಲ. ನಿಮ್ಮ ಮುತ್ತ್ಯಾ ಇನ್ನ ಸಾವಿರ ವರ್ಷ ಮೀಸಿ ತಿರುವಕೋತ ಇರ್ತಾನ!”

ಫೋಟೋಗಳು ಚೀಲಗಟ್ಟಲೆ ಬಂದವು. ಒಂದೊಂದನ್ನೂ ಗಾಜಿನ ಮೇಲೆ ಬೋರಲು ಹಾಕಿ ಒಳಗಿಳಿಸಿದ. ಉಳಿದದ್ದು ಗೆದ್ದಲು ತಿಂದ ಚೌಕಟ್ಟುಗಳ, ಹಳೆಯ ಫೋಟೋಗಳ ರಾಶಿ. ತಿಪ್ಪೆಗೆ ಎಸೆಯಲು ಬರುವುದಿಲ್ಲ, ಹಿರಿಯರು. ಸುಡಲೂ ಬರುವುದಿಲ್ಲ, ನಡುನಡುವೆ ದೇವರೂ ಇದ್ದಾರೆ. ಭಿನ್ನವಾದ ದೇವರ ಪಟವನ್ನು ನೀರಿಗೆ ಬಿಡುವುದು ಲೋಕರೂಢಿಯಲ್ಲವೇ? ಕಲ್ಲಣ್ಣ ಅಷ್ಟನ್ನೂ ಗೋಣಿಯಲ್ಲಿ ತುಂಬಿ, ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಕೆರೆಗೆ ಭಕ್ತಿಯಿಂದ ಬಿಟ್ಟು ಕೈಮುಗಿದ.

ಗೋಣಿ ಕೆರೆಯ ತಳ ಮುಟ್ಟಿತ್ತೋ ಇಲ್ಲವೋ, ಕಂಪ್ಯೂಟರಿನ ಹೊಟ್ಟೆಯಲ್ಲಿ ಕಟಕಟ ಸದ್ದು ಶುರುವಾಯಿತು. ನವಿ ಪೇಠೆಯ ರಿಪೇರಿ ಅಂಗಡಿಯ ಓಂಕಾರ ಡಬ್ಬಿ ಬಿಚ್ಚಿ ಕಿವಿಗೊಟ್ಟು ಕೇಳಿದ.

“ಕಾಕಾ, ಹಾರ್ಡ್ ಡಿಸ್ಕ್ ಖಲಾಸ್. ಅಸಲಿ ಫೋಟೋ ಎಲ್ಲಿ ಅದಾವ?”

“ಕೆರ್ಯಾಗ.”

ಓಂಕಾರ ಹೊಟ್ಟೆ ಹಿಡಿದು ನಕ್ಕ. ಕಾಕಾನ ಮುಖ ನೋಡಿ ನಗೆ ನಿಲ್ಲಿಸಿದ. ಸಮುದ್ರ ಕಡೆದ ದೇವ ದಾನವರಾದರೂ ಅಷ್ಟು ಬೆವರಿರಲಿಕ್ಕಿಲ್ಲ. ಸತ್ತ ಡಿಸ್ಕನ್ನು ವಾರಗಟ್ಟಲೆ ಕಡೆಕಡೆದು ಒಂದೇ ಒಂದು ಫೋಟೋ ಎತ್ತಿದ. ಅದೂ ಪೂರ್ತಿಯಲ್ಲ. ಹೊಸ ಡಿಸ್ಕಿನಲ್ಲಿ ಅದನ್ನು ಹಾಕಿಕೊಟ್ಟು ಹೇಳಿದ: “ಇಷ್ಟ ಬಂತ್ರಿ. ಬರೇ ತಲಿ ತಲಿ.”

ಅವತ್ತು ಸಂಜೆ ಕಲ್ಲಣ್ಣ ಕೋಣೆಯಲ್ಲಿ ಅದನ್ನೇ ತೆರೆದು ಕೂತಿದ್ದ. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಹಂದರದ ಮಾವಿನ ತೋರಣ, ಎರಡು ಬಾಸಿಂಗ, ಎರಡು ಹಣೆ, ಒಂದರ ಮೇಲೆ ಕುಂಕುಮ. ಹುಬ್ಬಿನ ಹತ್ತಿರ ನಿಂತುಬಿಟ್ಟಿತು. ಅಲ್ಲಿಂದ ಕೆಳಗೆಲ್ಲ ಬರೀ ಬೂದಿ ಬಣ್ಣ.

ವೈನಿ, ಅಂದರೆ ಅತ್ತಿಗೆ ಸುಗಲಾಬಾಯಿ, ಚಹಾದ ಕಪ್ಪು ಹಿಡಿದು ಬೆನ್ನ ಹಿಂದೆ ನಿಂತಿದ್ದಳು.

“ಅದ ನನ್ನ ಬಾಸಿಂಗಲ್ಲೇನೊ ಕಲ್ಲಣ್ಣಾ?”

“ಹೌದ ವೈನಿ. ಇನ್ನ... ಇನ್ನ ಬರಾಕತ್ತೈತಿ. ಸಾವಕಾಶ ಬರ್ತೈತಿ ಇದು.”

ಆಕೆ ನೋಡುತ್ತಲೇ ನಿಂತಳು. ಬೂದಿ ಬಣ್ಣ ಕದಲಲಿಲ್ಲ. ಕಪ್ಪಿನ ಮೇಲೆ ಕೆನೆ ಕಟ್ಟಿತು.

“ಬರಲಿ ಬಿಡು,” ಎಂದಳು. “ಅವಸರ ಏನೈತಿ.”

*

ಅವತ್ತಿನಿಂದ ಅಕ್ಕಲಕೋಟೆಯ ಕರೆಂಟು ಕಲ್ಲಣ್ಣನ ಕುಲದೇವರಾಯಿತು. ನೆಂಟರು ಬಂದು “ನಮ್ಮವ್ವನ ತೋರ್ಸು” ಎಂದರೆ ಇವನು ಠೀವಿಯಿಂದ ಗುಂಡಿ ಒತ್ತುವನು. ಗಾಜು ಬೆಳಗುವುದರೊಳಗೆ ಫಕ್ಕನೆ ಎಲ್ಲ ಆರುವುದು. ದೀಪಾವಳಿಗೆ ಹಾಗೇ ಆಯಿತು, ಯುಗಾದಿಗೂ ಹಾಗೇ. ನೆಂಟರು ಬಸ್ಸು ಹತ್ತಿದ ಮೇಲೆ ದೀಪ ಬರುವುದು. ಪಕ್ಕದ ಸಕ್ಕುಬಾಯಿಯ ಮನೆಯ ರೇಡಿಯೋ ಮಾತ್ರ ಹಾಡುತ್ತಲೇ ಇರುತ್ತಿತ್ತು. ಅದು ಸೆಲ್ಲಿನದೆಂದು ಕಲ್ಲಣ್ಣ ತನಗೆ ತಾನೇ ಹೇಳಿಕೊಂಡ.

ವೈನಿ ಅಂಥ ಹೊತ್ತಿನಲ್ಲಿ ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಆಕೆಗೆ ಕರೆಂಟೆಂದರೆ ಹುಲಿ. ಮದುವೆಯಾಗಿ ಬಂದಾಗಿನಿಂದ ಬರಿಗೈಯಲ್ಲಿ ಸ್ವಿಚ್ಚು ಮುಟ್ಟಿದವಳಲ್ಲ; ಅಂಬಲಿ ತಿರುವುವ ಕಟ್ಟಿಗೆಯ ಹುಟ್ಟಿನಿಂದ ದೂರ ನಿಂತು ಒತ್ತುವಳು. “ಹುಟ್ಟಿಗೆ ಶಾಕ್ ಹೊಡದ್ರ ಅಂಬ್ಲಿ ಯಾರ ತಿರುವವರ ವೈನಿ?” ಎಂದು ಕಲ್ಲಣ್ಣ ಕಾಡುತ್ತಿದ್ದ. “ನಿನ್ನ ತಲಿ ತಿರುವತೀನಿ ತಡಿ,” ಎನ್ನುತ್ತ ಆಕೆ ಅದೇ ಹುಟ್ಟು ಎತ್ತುತ್ತಿದ್ದಳು.

*

ಈಗ ಕಲ್ಲಣ್ಣ ಆ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ. ಮುಂದೆ ಕಂಪ್ಯೂಟರ್, ಬಲಕ್ಕೆ ಅಣ್ಣಾರಾಯ, ಎಡಕ್ಕೆ ಗೋಡೆ, ಬಾಗಿಲ ತುಂಬ ಮೂರು ತಾಲೂಕಿನ ನೆಂಟರು. ಗುಂಡಿ ಒತ್ತಿದ. ಹೋಗು, ಹೋಗು ಎಂದು ಮನಸ್ಸಿನಲ್ಲೇ ಕರೆಂಟಿಗೆ ಕೈಮುಗಿದ. ಹೋಗಲಿಲ್ಲ. ಗಾಜು ಎಂದೂ ಇಲ್ಲದ ಹಾಗೆ ಝಗಝಗ ಬೆಳಗಿತು.

“ಅಗಬಾಈ, ಇವತ್ತ ಕರೆಂಟ ಐತಲ್ಲ!” ಸಕ್ಕುಬಾಯಿ ಬಾಯಿಗೆ ಸೆರಗು ಹಚ್ಚಿದಳು. “ಸುಗಲವ್ವನ ಪುಣ್ಯಾ ನೋಡ್ರಿ.”

ಬೇರೆ ದಾರಿಯಿರಲಿಲ್ಲ. ಇದ್ದೊಂದು ಫೋಟೋ ತೆರೆದ. ತೋರಣ ಇಳಿಯಿತು. ಬಾಸಿಂಗ ಇಳಿಯಿತು. ಅಣ್ಣಾರಾಯ ಗಾಜಿನ ಮೇಲೆ ಒರಟು ಬೆರಳು ಊರಿದ.

“ಅಕ್ಕನ ಹಣಿ. ಹೌದ, ನಮ್ಮಕ್ಕನ ಹಣೀನ! ತಡೀರಿ, ಯಾರೂ ನೂಕಬ್ಯಾಡ್ರಿ, ಬರಾಕತ್ತೈತಿ...”

ಎಲ್ಲರೂ ಕತ್ತು ಚಾಚಿದರು. ಬೂದಿ ಬಣ್ಣ ಕದಲಲಿಲ್ಲ.

“ಯಾಕ ನಿಂತೈತ್ರಿ?” ದ್ರೌಪದಿ ಗಂಡನ ಮುಖ ನೋಡಿದಳು.

“ವೋಲ್ಟೇಜ್ ಕಮ್ಮಿ ಐತಿ. ಮೀಟರ್ ನೋಡಿ ಬರ್ತೀನಿ,” ಎಂದು ಕಲ್ಲಣ್ಣ ನೆಂಟರ ಕಾಲುಗಳ ನಡುವೆ ತೂರಿಕೊಂಡು ಹೊರಬಿದ್ದ. ಫ್ಯೂಸು ಕಿತ್ತುಬಿಡುವುದು, ಮುಂದಿನದು ಮುಂದೆ.

ಮೀಟರ್ ಇದ್ದದ್ದು ಅಡುಗೆಮನೆಯ ಹಿಂದಿನ ಮಬ್ಬು ಮೂಲೆಯಲ್ಲಿ, ಜೋಳದ ಚೀಲಗಳ ಮಗ್ಗುಲಿಗೆ. ಅವನು ಅತ್ತ ಎಂದೂ ಸುಳಿದವನಲ್ಲ. ಕೈಯಾಡಿಸುತ್ತ ಹೋದವನ ಕಾಲಿಗೆ ಮಣೆಯೊಂದು ತಾಗಿತು. ಮಣೆಯ ಮೇಲೆ ಒಂದು ಜೊತೆ ರಬ್ಬರಿನ ಚಪ್ಪಲಿ, ಹಿಮ್ಮಡಿ ಸವೆದದ್ದು. ಮೇಲೆ ಬಿಳಿ ಪಿಂಗಾಣಿಯ ಫ್ಯೂಸಿಗೆ ವೈನಿಯ ಹಳೆಯ ಇಳಕಲ್ ಸೀರೆಯ ಅಂಚು ಹರಿದು ಸುತ್ತು ಸುತ್ತಾಗಿ ಕಟ್ಟಿತ್ತು. ಆ ಕೆಂಪು ಬಟ್ಟೆಯ ಮೇಲೆ ಒಣಗಿದ ಜೋಳದ ಹಿಟ್ಟು. ಐದು ಬೆರಳಿನ ಗುರುತು, ಅದರ ಮೇಲೆ ಮತ್ತೆ ಐದು, ಮತ್ತೆ.

ದೀಪಾವಳಿ, ಯುಗಾದಿ ಎಂದು ಕಲ್ಲಣ್ಣ ಆ ಗುರುತುಗಳನ್ನು ಎಣಿಸಿದ.

ಒಳಗಿನಿಂದ ಅಣ್ಣಾರಾಯನ ದನಿ ಕೇಳಿತು. “ಹುಬ್ಬ ಬಂದಾವ. ಈಗ ಕಣ್ಣ ಬರ್ತಾವ ನೋಡ್ರಿ. ಅಕ್ಕಾ... ಬಾ ಯವ್ವಾ...”

ಕಲ್ಲಣ್ಣ ಮಣೆ ಹತ್ತಿ ಆ ಚಪ್ಪಲಿಯಲ್ಲಿ ಕಾಲು ತೂರಿಸಿದ. ಹಿಮ್ಮಡಿಗಳು ಹೊರಗೇ ಉಳಿದವು. ಹಿಟ್ಟಿನ ಬೆರಳುಗಳ ಮೇಲೆ ಬೆರಳಿಟ್ಟು ಎಳೆದ.

“ಅಯ್ಯಯ್ಯ! ಇಷ್ಟರಾಗ ಬರ್ತಿದ್ಲಲ್ಲೋ!” ಕೋಣೆಯಿಂದ ಒಕ್ಕೊರಲಿನ ಕೂಗೆದ್ದಿತು.

ಅಡುಗೆಮನೆಯ ಬಾಗಿಲಿನಾಚೆ ಪಡಸಾಲೆ ಕಾಣುತ್ತಿತ್ತು. ಫ್ಯಾನು ಮೆಲ್ಲಗೆ, ಇನ್ನೂ ಮೆಲ್ಲಗೆ ತಿರುಗಿ ನಿಂತಿತು. ಮುಂಜಾನೆಯಿಂದ ಹಾರುತ್ತಿದ್ದ ಸೆರಗಿನ ಅಂಚು ವೈನಿಯ ಹಣೆಯ ಮೇಲಿಂದ ಇಳಿಯುತ್ತ ಬಂದು, ಹುಬ್ಬಿನ ಹತ್ತಿರ ನಿಂತಿತು.