ಪ್ರೂಯಿಟ್‌ನ ಹೊಸ ಕೊಳವೆಬಾವಿ

"ಗಟ್ಟಿಯಾಗಿ ಹಿಡಿಯೋ, ಕುಳ್ಳ ಬೋಳಿಮಗನೆ! ನಿಮ್ಮ ವಹಾಕಾ ಗುಡ್ಡದಾಗೆ ಆಡು ಕಾದಂಗಲ್ಲ ಇದು!"

ಮೇಸ್ತ್ರಿ ಉಬಾಲ್ದೊ ಬೈಯುತ್ತಲೇ ಫಿಲೆಮೋನನ ಮೊಣಕಾಲ ಹಿಂದಕ್ಕೆ ಬೂಟುಗಾಲಿನಿಂದ ಒದ್ದ. ಫಿಲೆಮೋನ್ ಮುಗ್ಗರಿಸಿದನೇ ಹೊರತು ಹಿಡಿದ ಕಬ್ಬಿಣದ ಕೊಳವೆ ಬಿಡಲಿಲ್ಲ. ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು. ಇಬ್ಬರೂ ಮೆಕ್ಸಿಕೋದಿಂದ ಕ್ಯಾಲಿಫೋರ್ನಿಯಾಕ್ಕೆ ಕೂಲಿಗೆ ಬಂದವರೇ. ಆದರೆ ಉಬಾಲ್ದೊ ಎತ್ತರದವನು, ಬೆಳ್ಳಗಿದ್ದವನು. ಫಿಲೆಮೋನ್ ವಹಾಕಾ ಪ್ರಾಂತದ ಗುಡ್ಡಗಾಡಿನ ಮಿಸ್ತೆಕ ಎಂಬ ಮೂಲನಿವಾಸಿ ಕುಲದವನು. ಒದೆಯುವುದಕ್ಕೆ ಅಷ್ಟು ಸಾಕಿತ್ತು.

ಪ್ರೂಯಿಟ್‌ನ ಬಾದಾಮಿ ತೋಟದಲ್ಲಿ ಬಾವಿ ಎಂಟುನೂರು ಅಡಿ ಇಳಿದಿತ್ತು. ಸಾವಿರದ ನಾನೂರಕ್ಕೆ ಹೋಗಬೇಕು. ಬೇಲಿಯಾಚೆ ಫಿಲೆಮೋನನ ಕೇರಿ. ಇಪ್ಪತ್ತೆರಡು ಮನೆ, ನೂರಡಿಯ ಬಾವಿಗಳು. ಹೋದ ವರ್ಷ ಪ್ರೂಯಿಟ್ ಕೊರೆಸಿದ ಬಾವಿಯ ಪಂಪು ಓಡತೊಡಗಿದ ಮೇಲೆ ಅವುಗಳಲ್ಲಿ ಒಂಬತ್ತು ಬತ್ತಿದ್ದವು. ಆದರೂ ಫಿಲೆಮೋನ್ ಇಲ್ಲಿಗೇ ಕೆಲಸಕ್ಕೆ ಬಂದಿದ್ದ. ಬೇರೆ ಕೆಲಸ ಇರಲಿಲ್ಲ.

ಹತ್ತು ಗಂಟೆಗೆ ಪ್ರೂಯಿಟ್ ಕೌಂಟಿ ಕಚೇರಿಯ ಹೆಂಗಸೊಬ್ಬಳನ್ನು ಕರೆತಂದ. ಬರ ಎದುರಿಸುವ ಯೋಜನೆ ಬರೆಯುವವಳು. ಗಾಡಿಯ ಬಾನೆಟ್ ಮೇಲೆ ನಕ್ಷೆ ಹರಡಿ ಕೇಳಿದಳು:

"ಬೇಲಿ ಆಚೆ ಜನ ಇದಾರಾ?"

"ಯಾರಿಲ್ಲ ಮೇಡಮ್," ಪ್ರೂಯಿಟ್ ಅಂದ. "ಹಳೇ ಕೂಲಿ ಶೆಡ್ಡುಗಳು, ಖಾಲಿ ಬಿದ್ದಿವೆ."

"ಅದೀವಿ ಮೇಡಮ್ಮೋರೆ!" ಯಂತ್ರದ ಅಟ್ಟದ ಮೇಲಿಂದ ಫಿಲೆಮೋನ್ ಕೂಗಿದ. "ಇಪ್ಪತ್ತೆರಡು ಮನೆ. ಒಂಬತ್ತು ಮನ್ಯಾಗೆ ಕುಡಿಯಾಕೆ ನೀರಿಲ್ಲ. ನಿಮ್ಮ ಕಾಗದದಾಗೆ ಬರ್ಕಳಿ."

ಉಬಾಲ್ದೊ ಸ್ಪ್ಯಾನರ್ ಬೀಸಿ ಅವನ ಬಾಯಿಗೇ ಹೊಡೆದ. ಎರಡು ಹಲ್ಲು ರಕ್ತದ ಜೊತೆ ಅಂಗೈಗೆ ಬಿದ್ದವು. ಹೆಂಗಸು ನೋಡಿದಳು. ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

"ಅಹವಾಲು ಕೇಳೋ ಸಭೆ ಮುಗಿದೋಯ್ತಲ್ಲ. ಮುಂದಿನ ಯೋಜನೆಗೆ ಅರ್ಜಿ ಕೊಡ್ಲಿ. ಐದು ವರ್ಷಕ್ಕೊಂದ್ಸಲ ಬರೀತೀವಿ."

ಪ್ರೂಯಿಟ್ ಅವಳಿಗೆ ಗಾಡಿಯ ಬಾಗಿಲು ತೆರೆದ.

ಮಧ್ಯಾಹ್ನ ಕೊರೆಯುವ ಮೊನೆ ಬದಲಿಸಲು ಕೊಳವೆಗಳನ್ನೆಲ್ಲ ಮೇಲೆಳೆದಿದ್ದರು. ಅಟ್ಟದ ನಡುವೆ ಬಾವಿಯ ಬಾಯಿ ತೆರೆದಿತ್ತು. ಆಗ ಫಿಲೆಮೋನನ ತಂಗಿ ಸಿರಿಲಾ ಬೇಲಿ ನುಸುಳಿ ಬಂದು, ಕೊರೆತದ ಕೆಸರು ಕಲಸಲು ತರಿಸಿದ್ದ ಟ್ಯಾಂಕರಿನ ನಲ್ಲಿಗೆ ಕ್ಯಾನ್ ಒಡ್ಡಿದಳು.

"ಏಯ್, ಯಾರೇ ನೀನು?" ಉಬಾಲ್ದೊ ಅಬ್ಬರಿಸಿದ.

"ನನ್ನ ಬಾವ್ಯಾಗೆ ಇವತ್ತು ಬರೀ ಮರಳು ಬಂತು. ಮಣ್ಣು ಕಲಸಾಕೆ ಸಿಹಿನೀರು ಸುರೀತೀರಲ್ಲ, ಎರಡು ಕ್ಯಾನ್ ಹಿಡಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತೈತೆ?"

ಅವನು ಅವಳ ಜಡೆ ಹಿಡಿದು ಕೆಸರುಗುಂಡಿಗೆ ಎಳೆದೊಯ್ದು ಮುಖ ಅದುಮಿದ. "ಕುಡಿಯೇ ಮುಂಡೆ! ಬೇಕಾದಷ್ಟೈತೆ, ಕುಡಿ!" ಅವಳ ಕಾಲುಗಳು ನೆಲ ಬಡಿಯುತ್ತಿದ್ದವು. ಉಳಿದ ಕೂಲಿಗಳು ಎತ್ತಲೋ ನೋಡಿದರು.

ಏನು ಮಾಡಿದರೆ ಉಬಾಲ್ದೊ ಅವಳನ್ನು ಬಿಡುತ್ತಾನೆಂದು ಫಿಲೆಮೋನನಿಗೆ ಗೊತ್ತಿತ್ತು. ಕೊಳವೆ ಕಚ್ಚಿ ಹಿಡಿಯುವ ದೊಡ್ಡ ಕಬ್ಬಿಣದ ಇಕ್ಕಳವನ್ನು ಬಾವಿಯ ಬಾಯಿಗೆ ಎಳೆದು ತಂದ.

"ಲೇ ಉಬಾಲ್ದೊ! ನೋಡಿಲ್ಲಿ!"

ತಳ್ಳಿದ. ಬಾವಿಯೊಳಗಿನ ಕೆಸರು ಗುಳುಂ ಎಂದು ನುಂಗಿತು. ಒಳಗೆ ಕಬ್ಬಿಣ ಸಿಕ್ಕಿಕೊಂಡ ಮೇಲೆ ಕೊರೆಯುವ ಮೊನೆ ಮುಂದಕ್ಕೆ ಹೋಗದು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಅಯ್ಯೋ ಸೂಳೆಮಗನೆ, ಎಂಟುನೂರಡಿ ಕಣೋ!" ಉಬಾಲ್ದೊ ಸಿರಿಲಾಳನ್ನು ಬಿಟ್ಟು ಓಡಿಬಂದ.

ಅಷ್ಟರಲ್ಲಿ ಫಿಲೆಮೋನ್ ಸವೆದ ಹಳೇ ಮೊನೆಯನ್ನೂ ಕಾಲಿನಿಂದ ಉರುಳಿಸಿದ. ಮೇಸ್ತ್ರಿಯ ಕಡೆಯವರಿಬ್ಬರು ಅವನನ್ನು ಕೆಡವಿದರು. ಸಲಿಕೆ ಪಕ್ಕೆಗೆ ಬಿತ್ತು, ಒಳಗೆ ಏನೋ ಲಟಕ್ಕೆಂದಿತು. ಉಬಾಲ್ದೊ ಅವನ ಬೆರಳುಗಳ ಮೇಲೆ ಬೂಟಿನ ಹಿಮ್ಮಡಿಯಿಟ್ಟು ತಿರುವಿದ.

"ಇನ್ನೊಂದು ತೋಡ್ಸು," ಫಿಲೆಮೋನ್ ರಕ್ತ ಉಗಿದ. "ಅದಕ್ಕೂ ಹಾಕ್ತೀನಿ."

ಯಾರೂ ಸಿರಿಲಾಳನ್ನು ನೋಡುತ್ತಿರಲಿಲ್ಲ. ತಲೆಯಿಂದ ಸೊಂಟದವರೆಗೆ ಕೆಸರಾಗಿದ್ದ ಅವಳು ಕಾರಿಕೊಳ್ಳುತ್ತಲೇ ಅಟ್ಟ ಹತ್ತಿದ್ದಳು. ಭಾರ ಎತ್ತುವ ಸರಪಳಿಯ ತುದಿ ಅವಳ ಕೈಯಲ್ಲಿತ್ತು.

"ಅಣ್ಣಾ, ಇದನ್ನೂ ಹಾಕ್ಲಾ?"

"ಹಾಕವ್ವ."

ಸರಪಳಿ ಕೊಂಡಿ ಕೊಂಡಿಯಾಗಿ ಜಾರಿ, ಆಮೇಲೆ ಒಮ್ಮೆಗೇ ಓಡತೊಡಗಿತು. ಹಿಡಿಯಲು ಹಾರಿದ ಉಬಾಲ್ದೊನ ಅಂಗೈಯ ಚರ್ಮವನ್ನೂ ಸುಲಿದುಕೊಂಡು ಕೆಳಗಿಳಿಯಿತು.