ಮಾಫ್ ಕೇಳಲು ಬಂದವರು

"ನಿಮ್ಮ ಅಳತೆಗೆ ಒಂದು ಟೇಪು ಸಾಲದು ಅಂತ ಎರಡು ಟೇಪು ಗಂಟು ಹಾಕಿ ತೋರಿಸ್ತಿದ್ದೆ ಝೈನಬಕ್ಕ. ಅಂಗಡಿಯಲ್ಲಿ ಕೂತವರೆಲ್ಲ ನಗಾಡ್ತಿದ್ರು," ಎಂದು ಸುರಕ್ಷಾ ಚೂಡಿದಾರದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. "ನಿಮ್ಮಲ್ಲಿ ಹೀಗೆ ಮಾಫ್ ಕೇಳುವ ಕ್ರಮ ಉಂಟಂತಲ್ಲ. ಶಹರ್ಬಾನು ಹೇಳಿದ್ರು. ಹಾಗೆ ನಾನೂ ಬಂದೆ. ಮನಸ್ಸಲ್ಲಿ ಇಟ್ಕೊಳ್ಬೇಡಿ, ಆಯ್ತಾ?"

ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕೆ ಆ ಸಂಗತಿ ಝೈನಬ್‌ಗೆ ತಿಳಿದದ್ದೇ ಈಗ. ಸಿದ್ಧಕಟ್ಟೆ ಪೇಟೆಯಲ್ಲಿ ಸುರಕ್ಷಾಳ ಟೈಲರ್ ಅಂಗಡಿ ತೆರೆದ ದಿನದಿಂದ ಝೈನಬ್ ಬಟ್ಟೆ ಹೊಲಿಸುವುದು ಅಲ್ಲಿಯೇ. ಹೋದಾಗಲೆಲ್ಲ ಸುರಕ್ಷಾ ಮಿಷನ್ನಿನಿಂದ ಎದ್ದು ಬಂದು "ಬನ್ನಿ ಬನ್ನಿ" ಎಂದು ಕೈಯಿಲ್ಲದ ಮರದ ಕುರ್ಚಿಯನ್ನು ತಾನೇ ಎಳೆದು ಕೊಡುತ್ತಿದ್ದಳು. ಆ ಕುರ್ಚಿಯ ಬಗ್ಗೆಯೂ ಏನಾದರೂ ತಮಾಷೆ ಇತ್ತೋ ಏನೋ, ಕೇಳಲು ಝೈನಬ್‌ಗೆ ಧೈರ್ಯವಾಗಲಿಲ್ಲ.

"ಪರವಾಗಿಲ್ಲ ಸುರಕ್ಷಾ. ಅದರಲ್ಲೇನುಂಟು," ಎಂದಳು.

ಸುರಕ್ಷಾ ಅವಳ ಕೈ ಹಿಡಿದಳು. ಮಣಿಕಟ್ಟಿನ ಎಲುಬು ಬೆರಳಿಗೆ ತಾಗಿದ್ದೇ ತಡ, ಇನ್ನೊಮ್ಮೆ ಅಳು ಬಂತು ಅವಳಿಗೆ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋದವಳು ತಿರುಗಿ ನೋಡಿ, ಕೊನೆಯ ಸಲ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತು ಹೋದಳು.

ಇದೆಲ್ಲ ಶುರುವಾದದ್ದು ಹಿಂದಿನ ತಿಂಗಳು, ಬಂಟ್ವಾಳದ ಒಂದು ಮದುವೆ ಹಾಲಿನಲ್ಲಿ. ದೊಡ್ಡ ಹರಿವಾಣದ ಸುತ್ತ ಹೆಂಗಸರು ಕೂತಿದ್ದರು. ಪಕ್ಕದಲ್ಲಿದ್ದ ನೆರೆಮನೆಯ ಶಹರ್ಬಾನು ಪ್ರೀತಿಯಿಂದ ಒಂದು ಮಾಂಸದ ತುಂಡನ್ನು ಅವಳ ಕಡೆಗೆ ಸರಿಸಿದಳು. ಬೇಡ ಎನ್ನಲು ಬಾಯಿ ಬರದೆ ಝೈನಬ್ ಅದನ್ನು ಸರಿಯಾಗಿ ಅಗಿಯದೆ ನುಂಗಿದಳು. ಎದೆಯ ಗುಂಡಿಯಲ್ಲಿ ಅದು ಸಿಕ್ಕಿಕೊಂಡಿತು. ಕೈ ತೊಳೆಯುವ ಜಾಗಕ್ಕೆ ಓಡಿ ಎಲ್ಲವನ್ನೂ ಕಾರಿಕೊಂಡಳು. ಬೆನ್ನು ನೀವಲು ಹಿಂದೆಯೇ ಬಂದ ಶಹರ್ಬಾನು, ತಲೆಯಿಂದ ಜಾರಿದ ಶಾಲಿನ ಕೆಳಗೆ ನೆತ್ತಿ ಕಾಣುವಷ್ಟು ಉದುರಿದ್ದ ಕೂದಲನ್ನು ನೋಡಿದಳು. ನೋಡಿ, ಶಾಲನ್ನು ಮೆಲ್ಲ ಸರಿಮಾಡಿದಳು. ಏನೂ ಕೇಳಲಿಲ್ಲ.

ಕೇಳಿದ್ದರೆ ಝೈನಬ್ ಏನಾದರೊಂದು ಹೇಳುತ್ತಿದ್ದಳು. ಆದರೆ ಈ ಕಡೆ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇದ್ದವರ ಹತ್ತಿರ ಕೇಳುವುದಂತೂ ಇಲ್ಲವೇ ಇಲ್ಲ. ದನಿ ತಗ್ಗಿಸಿ 'ಅದು' ಎಂದರೆ ಮುಗಿಯಿತು. ಝೈನಬ್‌ಗೆ 'ಅದು' ಎಂದು ಒಂದು ವಾರದೊಳಗೆ ಊರಿಡೀ ತೀರ್ಮಾನವಾಯಿತು. ಬಂದವರೆಲ್ಲ ಹವೆಯ ಬಗ್ಗೆ, ಮೀನಿನ ಬಗ್ಗೆ, ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಪಿಯುಸಿ ಓದುವ ಮಗಳು ಶಹಲಾಳ ಬಗ್ಗೆ ಮಾತಾಡಿ, ಹೊರಡುವ ಹೊತ್ತಿಗೆ ಅವಳ ಕೈ ಹಿಡಿದು ಮಾಫ್ ಕೇಳಿದರು. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಬಿಟ್ಟುಕೊಡಬೇಕು, ಅವರು ಕಣ್ಣು ಮುಚ್ಚುವ ಮೊದಲು ಕೇಳಿಕೊಳ್ಳಬೇಕು.

ಹಾಗೆ ಕೇಳುವಾಗ ತಪ್ಪು ಏನೆಂದು ಹೇಳಬೇಕಾಗಿಲ್ಲ. ಆದರೂ ಹೇಳದಿದ್ದರೆ ಕೆಲವರಿಗೆ ಸಮಾಧಾನವಿಲ್ಲ. ಝೈನಬ್ ಬಸ್ಸು ಹತ್ತುವುದನ್ನು ಶಹರ್ಬಾನು ಮದುವೆ ಮನೆಗಳಲ್ಲಿ ಅಭಿನಯ ಮಾಡಿ ತೋರಿಸುತ್ತಿದ್ದಳಂತೆ. ರಿಕ್ಷಾದ ಅಝೀಮ್ ಒಳಗೆ ಬರಲು ಸಂಕೋಚಪಟ್ಟು ಅಂಗಳದಲ್ಲೇ ನಿಂತು, ಕಿಟಕಿಯ ಕಡೆಗೆ ನೋಡದೆ, "ನೀವು ಹತ್ತಿದ ದಿನ ಹಿಂದಿನ ಟಯರಿಗೆ ಗಾಳಿ ಹಾಕಿಸ್ಬೇಕು ಅಂತ ಸ್ಟ್ಯಾಂಡಲ್ಲಿ ಹೇಳಿದ್ದುಂಟು. ತಮಾಷೆಗೆ. ಮಾಫ್ ಮಾಡಿ," ಎಂದು ಒಪ್ಪಿಸಿ ಹೋದ. ತನ್ನನ್ನು ಕಂಡರೆ ಊರಿಗೆ ಇಷ್ಟೆಲ್ಲ ನಗು ಬರುತ್ತಿತ್ತು ಎಂದು ಝೈನಬ್‌ಗೆ ಗೊತ್ತೇ ಇರಲಿಲ್ಲ. ಆ ದಪ್ಪ ಹೆಂಗಸು ಈಗ ಇಲ್ಲ. ಇಲ್ಲದವಳ ಪರವಾಗಿ ಇವಳು ಕೂತು ಎಲ್ಲರಿಗೂ ಮಾಫ್ ಮಾಡುತ್ತಿದ್ದಳು, ಮತ್ತು ಅವಳಿಗಾಗಿ ಸಂಕಟಪಡುತ್ತಿದ್ದಳು.

ನಿಜ ಸಂಗತಿ ಇಷ್ಟೇ. ಮೊಣಕಾಲು ಸವೆದಿತ್ತು, ಸಕ್ಕರೆ ಏರಿತ್ತು. ಕೆಲವು ತಿಂಗಳ ಹಿಂದೆ ಮಂಗಳೂರಿನ ಡಾಕ್ಟರು ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಹಣ್ಣಿನಷ್ಟು ಮಾಡಿದರು. ಮೊದಲು ಗಂಜಿತಿಳಿ, ಆಮೇಲೆ ಮೆದು ಮಾಡಿದ್ದು, ಈಗ ಅರ್ಧ ಇಡ್ಲಿ. ಅದನ್ನೂ ಬೆಣ್ಣೆಯಾಗುವ ತನಕ ಅಗಿಯಬೇಕು. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ, ಹೆದರಬೇಡಿ ಎಂದು ಹೇಳಿ ಕಳುಹಿಸಿದ್ದರು. ತೋಳಿನ ಚರ್ಮ ಜೋತುಬಿದ್ದಿತ್ತು, ಸದಾ ಚಳಿಯಾಗುತ್ತಿತ್ತು. ಗೊತ್ತಿದ್ದವರು ಇಬ್ಬರೇ, ಸೌದಿಯ ದಮಾಮಿನಲ್ಲಿರುವ ಗಂಡ ಇರ್ಷಾದ್ ಮತ್ತು ಶಹಲಾ. ಅತ್ತೆ ಅವ್ವಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಹೇಳಿದ್ದಾಗಿತ್ತು. ಹಿಂದೆ ಯಾವಾಗಲೋ ಟಿವಿಯಲ್ಲಿ ಇಂಥದ್ದನ್ನು ತೋರಿಸಿದಾಗ ಅವ್ವಮ್ಮ, "ಅಲ್ಲಾಹು ಕೊಟ್ಟ ಹೊಟ್ಟೆಯನ್ನು ಕತ್ತರಿಸಿ ಬಿಸಾಡುವುದಾ? ಸೊಕ್ಕು," ಎಂದಿದ್ದರು. ಆ ಒಂದು ಮಾತಿಗೆ ಹೆದರಿ ಹೇಳಿದ ಸುಳ್ಳು ಅದು.

ಬಿಡುವುದಕ್ಕೆ ಆಗದ ಸುಳ್ಳು ಅದಲ್ಲ. ತಾಯಿಯ ಉಪಚಾರದ ಸುದ್ದಿ ಕೇಳಿ ಇರ್ಷಾದ್ ಫೋನಿನಲ್ಲಿ ನಕ್ಕುಬಿಟ್ಟಿದ್ದ. "ಉಮ್ಮನಿಗೆ ಹೇಳಿಬಿಡು ಮಾರಾಯ್ತಿ. ಇಲ್ಲದಿದ್ರೆ ನಿನ್ನ ಹೆಸರಲ್ಲಿ ಊಟ ಹಾಕಿಸ್ಲಿಕ್ಕೂ ಶುರು ಮಾಡಿಯಾರು." ಆಮೇಲೆ, "ಮುಖ ಸ್ವಲ್ಪ ಬೆಳಕಿಗೆ ತಾ. ಹಾಂ. ಯಾರಪ್ಪ ಇದು!" ಎಂದ. ಖುಷಿಯಿಂದಲೇ ಅಂದದ್ದು. ಫೋನಿಟ್ಟ ಮೇಲೆ ಮೊದಲಾಗಿದ್ದರೆ ಎದ್ದು ಹೋಗಿ ಏನಾದರೂ ತಿನ್ನುತ್ತಿದ್ದಳು. ನಾಲ್ಕು ಗಂಟೆಯ ಚಹಾಕ್ಕೆ ಅಕ್ಕಿರೊಟ್ಟಿಯಂಥ ಪತ್ತಿರ್, ಸಂಜೆಗೆ ಹುರಿದ ಬಾಳೆಹಣ್ಣು, ಶಹಲಾ ಬರುವ ಭಾನುವಾರಕ್ಕೆ ಬಿರಿಯಾನಿ, ಹೀಗೆ ತಿನ್ನುವುದನ್ನು ಹಿಡಿದುಕೊಂಡೇ ಅವಳು ದಿನಗಳನ್ನು ದಾಟುತ್ತಿದ್ದದ್ದು. ಹೊಟ್ಟೆಯ ಜೊತೆಗೆ ದಿನದ ಮುಕ್ಕಾಲು ಪಾಲನ್ನೂ ಡಾಕ್ಟರು ಕತ್ತರಿಸಿ ತೆಗೆದಿದ್ದರು. ಆ ಖಾಲಿ ಜಾಗಕ್ಕೆ ಈಗ ಜನ ಬರುತ್ತಿದ್ದರು. ಸಾಯುತ್ತಾಳೆಂದೇ ಬಂದರೂ, ಬಂದರಲ್ಲ. ಸುಳ್ಳನ್ನು ಬಿಡದೆ ಇದ್ದದ್ದು ಅದಕ್ಕಾಗಿಯೂ ಹೌದು. ಇದನ್ನು ಅವಳು ಗಂಡನಿಗೆ ಹೇಳಲಿಲ್ಲ.

ಹೆಚ್ಚು ಬದಲಾದವರು ಅವ್ವಮ್ಮ. ಎಪ್ಪತ್ತು ದಾಟಿದ ಅವರು ಸೋಮವಾರ, ಗುರುವಾರ ಸೊಸೆಗಾಗಿ ಉಪವಾಸ ಹಿಡಿಯತೊಡಗಿದರು. ಬಾವಿಕಟ್ಟೆಗೆ ಹೋಗಲು ಬಿಡಲಿಲ್ಲ. ಬಟ್ಟೆ ಒಗೆಯುವುದು, ಒಣಗಿಸುವುದು ತಾನು ಎಂದರು. ಅಡುಗೆಯೊಂದನ್ನು ಮಾತ್ರ ಝೈನಬ್ ಬಿಟ್ಟುಕೊಡಲಿಲ್ಲ. ರಾತ್ರಿ ಅವಳ ಪಾದಕ್ಕೆ ಎಣ್ಣೆ ಹಚ್ಚುವಾಗ ಬಾಯಲ್ಲಿ ಏನನ್ನೋ ಓದಿ ಊದುತ್ತಿದ್ದರು. ಝೈನಬ್ ಮದುವೆಯಾಗಿ ಬಂದಾಗಿನಿಂದ ಈ ಮನೆಯನ್ನು ಬಿಡದೆ ಉಳಿದದ್ದು ಅವರಿಬ್ಬರೇ. ಎದುರು ಬದುರು ಕೂತು ಉಂಡವರು, ಜಗಳ ಮಾಡಿ ಮಾತು ಬಿಟ್ಟವರು, ಮತ್ತೆ ಯಾರದೋ ಮನೆಯ ಸುದ್ದಿ ಸಿಕ್ಕಿ ಮಾತು ಶುರು ಮಾಡಿದವರು. ಊರಲ್ಲಿ ಎಲ್ಲರೂ ಬಂದು ಮಾಫ್ ಕೇಳಿದರೂ ಅವ್ವಮ್ಮ ಕೇಳಿರಲಿಲ್ಲ. ಅದೊಂದು ಝೈನಬ್‌ಗೆ ನೆಮ್ಮದಿ. ಎರಡು ಟೇಪಿನ ಮಾತನ್ನು ಬಿಟ್ಟುಕೊಡಬಹುದು, ಟಯರಿನ ಮಾತನ್ನೂ. ದಿನವೂ ಎದುರು ಕೂತು ಬಡಿಸಿದವರ ಬಾಯಿಂದಲೂ ಅಂಥ ಒಂದು ಮಾತು ಬಂದರೆ ಅದನ್ನು ಎಲ್ಲಿ ಇಡುವುದೆಂದು ಅವಳಿಗೆ ಗೊತ್ತಿರಲಿಲ್ಲ.

ಸುರಕ್ಷಾ ಬಂದು ಹೋದ ಆ ಗುರುವಾರ ಮಧ್ಯಾಹ್ನದ ನಮಾಜು ಮುಗಿಸಿದ ಅವ್ವಮ್ಮ, ತಲೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಬಿಚ್ಚದೆ ಕೋಣೆಗೆ ಬಂದರು. ಬಾಗಿಲು ಮುಂದೆ ಮಾಡಿ ಮಂಚದ ತುದಿಯಲ್ಲಿ ಕೂತರು. ಉಪವಾಸದಿಂದ ತುಟಿ ಒಣಗಿತ್ತು.

"ಎಲ್ಲರೂ ಬಂದು ಹೋದ್ರು ಝೈನಬ್," ಎಂದರು. "ನಾನೊಬ್ಬಳು ಬಾಕಿ."

"ಬೇಡ ಮಾಮಿ."

"ಹೇಳ್ಲಿಕ್ಕೆ ಬಿಡು. ನಂದು ಅವರದ್ದರ ಹಾಗೆ ಸಣ್ಣದಲ್ಲ. ಎಷ್ಟೋ ವರ್ಷದಿಂದ ಹೊತ್ಕೊಂಡು ತಿರುಗ್ತಾ ಇದ್ದೇನೆ."

"ನಾನು ಸಾಯುವುದಿಲ್ಲ ಮಾಮಿ," ಎಂದುಬಿಟ್ಟಳು ಝೈನಬ್.

"ಹಾಗೆಲ್ಲ ಹೇಳ್ಬಾರದು. ಅವನ ಕೈಯಲ್ಲಿ ಉಂಟು. ಇನ್ಶಾ ಅಲ್ಲಾಹ್ ಹೇಳು."

"ಹಾಗಲ್ಲ. ನನಗೆ ಅದು ಇಲ್ಲ. ಯಾವ ಕಾಯಿಲೆಯೂ ಇಲ್ಲ. ಸಕ್ಕರೆ ಸಹ ಈಗ ಇಲ್ಲ. ಮಂಗಳೂರಲ್ಲಿ ಆದದ್ದು ಕಲ್ಲಿನ ಆಪರೇಷನ್ ಅಲ್ಲ ಮಾಮಿ. ಸಪೂರ ಆಗ್ಲಿಕ್ಕೆ ಹೊಟ್ಟೆ ಸಣ್ಣ ಮಾಡಿದ್ದು. ತಿನ್ಲಿಕ್ಕೆ ಆಗದ್ದು ಅದಕ್ಕೆ. ಕೂದಲು ಹೋದದ್ದೂ ಅದಕ್ಕೇ. ಪುನಃ ಬರ್ತದೆ."

ಅವ್ವಮ್ಮ ಅವಳ ಮುಖವನ್ನೇ ನೋಡಿದರು. ಝೈನಬ್ ಶಾಲನ್ನು ಹಿಂದೆ ಸರಿಸಿ, ನೆತ್ತಿಯ ಮುಂಭಾಗದಲ್ಲಿ ಹೊಸದಾಗಿ ಮೊಳೆತ ಗಿಡ್ಡ ಕೂದಲನ್ನು ಬಗ್ಗಿ ತೋರಿಸಿದಳು. ಅವ್ವಮ್ಮ ಬೆರಳಿನಿಂದ ಅದನ್ನು ಮುಟ್ಟಿದರು, ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇರ್ಷಾದ್‌ಗೆ ಗೊತ್ತುಂಟಾ?"

"ಗೊತ್ತುಂಟು."

"ಶಹಲಾಗೆ?"

"ಅವಳಿಗೂ ಗೊತ್ತುಂಟು."

"ಅಷ್ಟು ಸಣ್ಣ ಹುಡುಗಿಗೆ ಗೊತ್ತುಂಟು," ಎಂದರು ಅವ್ವಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಝೈನಬ್‌ಗೆ ಎಷ್ಟೋ ಸುಲಭವಾಗುತ್ತಿತ್ತು. "ನಿನ್ನ ಕಾಲು ತಿಕ್ಕುವಾಗ ನಾನು ಎಷ್ಟು ಅತ್ತಿದ್ದೇನೆ ಗೊತ್ತುಂಟಾ ನಿನಗೆ? ನೀನು ನಿದ್ದೆ ಮಾಡಿದ್ದೀ ಅಂತ ಗ್ರಹಿಸಿ ಅಳ್ತಿದ್ದೆ."

ಗೊತ್ತಿತ್ತು. ನಿದ್ದೆ ಬಂದಿರಲಿಲ್ಲ. ಪಾದದ ಮೇಲೆ ಬಿದ್ದ ಹನಿ ಎಣ್ಣೆಯಲ್ಲ ಎಂದು ತಿಳಿದೂ ಅವಳು ಕಣ್ಣು ತೆರೆದಿರಲಿಲ್ಲ. ತನಗಾಗಿ ಒಬ್ಬರು ಅಳುತ್ತಿದ್ದಾರೆ ಎಂಬ ಸುಖವನ್ನು ಬಿಡಲು ಮನಸ್ಸಾಗಿರಲಿಲ್ಲ.

"ನನಗೆ ಮಾಫ್ ಮಾಡಿ ಮಾಮಿ."

"ನೀನು ಮಾಫ್ ಕೇಳ್ಲಿಕ್ಕೆ ನಾನೇನು ಈಗ ಸಾಯ್ತಾ ಇದ್ದೇನಾ?"

ಅವ್ವಮ್ಮ ಮೊಣಕಾಲಿಗೆ ಕೈಯೂರಿ ಎದ್ದರು. ಬಾಗಿಲ ತನಕ ಹೋದರು. ಝೈನಬ್‌ಗೆ ಈಗ ಇನ್ನೊಂದು ಹೆದರಿಕೆ ಹುಟ್ಟಿತು. ಆ ಮಾತನ್ನು ಕೇಳದೆ ಇರುವುದು ಕೇಳುವುದಕ್ಕಿಂತ ಕಷ್ಟ ಎಂದು ಈಗ ತಿಳಿಯುತ್ತಿತ್ತು.

"ನೀವು ಏನೋ ಹೇಳ್ಲಿಕ್ಕೆ ಬಂದದ್ದಲ್ವಾ ಮಾಮಿ? ಹೇಳಿ. ನಾನು ಏನೂ ಮನಸ್ಸಲ್ಲಿ ಇಟ್ಕೊಳ್ಳುವುದಿಲ್ಲ."

ಅವ್ವಮ್ಮ ಬಾಗಿಲ ಚಿಲಕ ಹಿಡಿದು ನಿಂತರು. ಹೇಳಿಯೇ ಬಿಡುತ್ತಾರೆ ಎನ್ನುವ ಹಾಗೆ ಒಮ್ಮೆ ತಿರುಗಿದರು.

"ಅದು ಇನ್ನು ಬೇಡ," ಎಂದರು. "ನೀನು ಇರ್ತೀಯಲ್ಲ."

ಅವರು ಹೋದ ಮೇಲೆ ಝೈನಬ್ ಕೂತಲ್ಲೇ ಕೂತಳು. ಎಷ್ಟೋ ವರ್ಷದಿಂದ ಎಂದರೆ ಎಷ್ಟು ವರ್ಷದಿಂದ? ತನ್ನ ತವರಿನ ಬಗ್ಗೆಯೋ, ಇರ್ಷಾದನ ಬಗ್ಗೆಯೋ, ಗಂಡು ಮಗು ಹುಟ್ಟಿ ಎರಡೇ ದಿನಕ್ಕೆ ತೀರಿಕೊಂಡ ವರ್ಷದ್ದೋ? ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಊರವರು ಒಪ್ಪಿಸಿ ಹೋದ ತಮಾಷೆಗಳೆಲ್ಲ ಈಗ ಮಕ್ಕಳ ಮಾತಿನ ಹಾಗೆ ಕಂಡವು. ಇನ್ನು ಮುಂದೆ ಬೆಳಿಗ್ಗೆ ಎದ್ದು ಆ ಮುಖ ನೋಡಬೇಕು, ಆ ಮುಖ ಏನು ನುಂಗಿಕೊಂಡಿದೆ ಎಂದು ತಿಳಿಯದೆ ನೋಡಬೇಕು. ಅವಳಿಗೆ ಆಪರೇಷನ್ ಆದ ದಿನವೂ ಇಷ್ಟು ಒಂಟಿ ಎನಿಸಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಉಪವಾಸ ಬಿಡುವ ಮಗ್ರಿಬಿಗೆ ಇನ್ನೂ ಎಷ್ಟೋ ಹೊತ್ತಿತ್ತು, ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಝೈನಬ್ ಎದ್ದು ಹೋಗಿ ನೋಡಿದಳು. ಅವ್ವಮ್ಮ ನೆಲದಲ್ಲಿ ಮಣೆ ಹಾಕಿ ಕೂತು, ಬಟ್ಟಲು ತುಂಬ ಕುಚ್ಚಲಕ್ಕಿ ಅನ್ನ ಬಡಿಸಿಕೊಂಡು, ಬೂತಾಯಿ ಮೀನಿನ ಸಾರು ಸುರಿದು ಕಲಸುತ್ತಿದ್ದರು. ಬುದ್ಧಿ ಬಂದಾಗಿನಿಂದ ಹಿಡಿದ ಉಪವಾಸವನ್ನು ಹಗಲಲ್ಲಿ ಮುರಿದವರಲ್ಲ. ದೊಡ್ಡ ದೊಡ್ಡ ತುತ್ತು ಮಾಡಿ, ಒಂದು ಇಳಿಯುವ ಮೊದಲೇ ಇನ್ನೊಂದನ್ನು ಬಾಯಿಗಿಟ್ಟು, ತಲೆ ಎತ್ತದೆ ಉಣ್ಣುತ್ತಿದ್ದರು. ಅಂಥ ಒಂದು ತುತ್ತನ್ನು ಇನ್ನು ಈ ಜನ್ಮದಲ್ಲಿ ಝೈನಬ್ ನುಂಗಲಾರಳು. ಅವಳು ಗೋಡೆಗೆ ಒರಗಿ ಕೆಳಗೆ ಕೂತಳು.

ಅರ್ಧ ಬಟ್ಟಲು ಮುಗಿದ ಮೇಲೆ ಅವ್ವಮ್ಮ ಒಂದು ಕ್ಷಣ ಕೈ ನಿಲ್ಲಿಸಿದರು.

"ಉಪ್ಪು ಕಮ್ಮಿ ಆಗಿದೆ," ಎಂದರು. ಒಂದು ತಿಂಗಳಿನಲ್ಲಿ ಅವರು ಅವಳ ಅಡುಗೆಯ ಬಗ್ಗೆ ಆಡಿದ ಮೊದಲ ದೂರು ಅದು.

ಝೈನಬ್ ಕೂತಲ್ಲಿಂದಲೇ ಕೈ ಚಾಚಿ ಉಪ್ಪಿನ ಭರಣಿಯನ್ನು ಅವರ ಬಟ್ಟಲಿನ ಹತ್ತಿರಕ್ಕೆ ಸರಿಸಿದಳು. ಅವ್ವಮ್ಮ ಅವಳನ್ನು ನೋಡದೆ, ಎಡಗೈಯಿಂದ ಮುಚ್ಚಳ ತೆಗೆದರು.